ಶುಗರ್ ಇದ್ದವರಿಗೆ ಹಲ್ಲಿನ ಇಂಪ್ಲಾಂಟ್ ಆಗದೇ? ಸ್ಪಷ್ಟನೆ

‘ಶುಗರ್ ಇದ್ದವರು, 60 ದಾಟಿದವರು ಇಂಪ್ಲಾಂಟ್ ಹಾಕಿಸಲೇಬಾರದು, ಹಲ್ಲಿನ ಸೆಟ್ಟೇ ಗತಿ’ ಎಂಬ ಸಂದೇಶ ಮಂಡ್ಯ, ಮದ್ದೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಇಂಪ್ಲಾಂಟ್ ಎಂದರೆ ಬಿದ್ದ ಹಲ್ಲಿನ ಜಾಗದಲ್ಲಿ ದವಡೆ ಮೂಳೆಗೆ ತಿರುಪು ಕೂರಿಸಿ, ಅದರ ಮೇಲೆ ಕಟ್ಟುವ ಹಲ್ಲು.

ವಯಸ್ಸೊಂದೇ ಅಡ್ಡಿಯಲ್ಲ; ಬೆಳವಣಿಗೆ ಮುಗಿಯದ ಮಕ್ಕಳು ಮಾತ್ರ ಕಾಯಬೇಕು. ಸಕ್ಕರೆ ಹತೋಟಿಯಲ್ಲಿದ್ದರೆ ಇಂಪ್ಲಾಂಟ್ ಹಾಕಿಸಬಹುದು. ಟೈಟಾನಿಯಂ ತಿರುಪು ದವಡೆ ಮೂಳೆಯೊಂದಿಗೆ ಬೆಸೆದುಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಸಕ್ಕರೆ ಏರಿದ್ದರೆ ಗಾಯ ಮಾಯುವುದು ನಿಧಾನ, ಸೋಂಕಿನ ಭಯವೂ ಹೆಚ್ಚು. ಅದಕ್ಕೇ ವೈದ್ಯರು ಮೊದಲು ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ) ಪರೀಕ್ಷೆ ಕೇಳುವುದು. ಬೀಡಿ, ಸಿಗರೇಟೂ ಇಂಪ್ಲಾಂಟ್ ಕೆಡಿಸುತ್ತವೆ. ಸಂದೇಶದಲ್ಲಿ ಆ ಮಾತೇ ಇಲ್ಲ! ಮೂಳೆ ಸವೆತಕ್ಕೆ ಔಷಧಿ ತೆಗೆದುಕೊಳ್ಳುವವರು ಅದನ್ನು ಮುಂಚೆಯೇ ತಿಳಿಸಬೇಕು.

ಸೆಟ್ ಕೀಳೇನಲ್ಲ, ಖರ್ಚು ಕಡಿಮೆ. ರಾತ್ರಿ ತೆಗೆದಿಟ್ಟು ತೊಳೆಯಬೇಕಷ್ಟೆ. ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ಅಂಟಿಸಿ ಕೂರಿಸುವ ಕೃತಕ ಹಲ್ಲು) ಬೇಗ ಆಗುತ್ತದೆ, ಆದರೆ ಅಕ್ಕಪಕ್ಕದ ಗಟ್ಟಿ ಹಲ್ಲನ್ನೂ ಉಜ್ಜಿ ಸಣ್ಣದು ಮಾಡಬೇಕಾಗುತ್ತದೆ.

ಮುದ್ದೆ ನುಂಗೋಕೆ ಹಲ್ಲ್ಯಾಕೆ ಎಂದು ನಮ್ಮ ಕಡೆ ಬಿದ್ದ ಹಲ್ಲು ಕಟ್ಟಿಸುವುದನ್ನು ವರ್ಷಗಟ್ಟಲೆ ಮುಂದೂಡುವವರೇ ಹೆಚ್ಚು. ಅಷ್ಟರಲ್ಲಿ ಪಕ್ಕದ ಹಲ್ಲು ವಾಲುತ್ತದೆ, ದವಡೆ ಮೂಳೆ ಕರಗುತ್ತದೆ. ಮೈಸೂರಿನ ಜೆಎಸ್‌ಎಸ್ ದಂತ ಕಾಲೇಜಿನಂಥ ಕಡೆ ಕೃತಕ ದಂತ ವಿಭಾಗದಲ್ಲಿ ತೋರಿಸಿ, ಎಕ್ಸ್‌ರೇ ನೋಡಿಯೇ ತೀರ್ಮಾನಿಸಿ.