ರೀಡರ್ ಅಂದರೆ ಅರ್ಧ ಪಾದ್ರಿ ಅಲ್ಲ

"ರೀಡರ್ ಆಗೋದು ಪಾದ್ರಿ ಆಗೋಕೆ ಮೊದಲ ಮೆಟ್ಟಿಲು, ಕೆಲಸ ಬಿಡಬೇಕು" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು. ರೀಡರ್ ಅಂದರೆ ಪಾದ್ರಿಯಾಗದೆ ಚರ್ಚ್‌ನಲ್ಲಿ ಪ್ರಸಂಗ (ಧರ್ಮಬೋಧನೆ) ಮಾಡಲು ಅನುಮತಿ ಪಡೆದ ಸಾಮಾನ್ಯ ಸದಸ್ಯರು.

ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ 1866ರಲ್ಲಿ ಈ ಹುದ್ದೆಗೆ ಮತ್ತೆ ಜೀವ ಬಂತು, 1969ರಿಂದ ಹೆಂಗಸರಿಗೂ ಬಾಗಿಲು ತೆರೆಯಿತು. ಇದಕ್ಕೆ ಅಭಿಷೇಕ (ಪಾದ್ರಿಯಾಗಿ ನೇಮಿಸುವ ವಿಧಿ) ಇಲ್ಲ, ಬಿಷಪ್ ಲೈಸೆನ್ಸ್ ಕೊಡುತ್ತಾರೆ. ಸಾಮಾನ್ಯವಾಗಿ ಸಂಬಳವೂ ಇಲ್ಲ, ಹಾಗಾಗಿ ವಾರವೆಲ್ಲ ಶಾಲೆಯಲ್ಲಿ ಪಾಠ ಮಾಡುವವರೇ ಭಾನುವಾರ ನಿಲುವಂಗಿಯ ಮೇಲೆ ನೀಲಿ ಸ್ಕಾರ್ಫ್ ಹಾಕಿಕೊಂಡು ಪ್ರಸಂಗ ಮಾಡುತ್ತಾರೆ, ಅನುಮತಿ ಇದ್ದರೆ ಅಂತ್ಯಕ್ರಿಯೆಯನ್ನೂ ನಡೆಸುತ್ತಾರೆ. ಆದರೆ ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ಪ್ರತಿಷ್ಠಿಸುವುದು ಪಾದ್ರಿಯ ಕೆಲಸ.

ಈ ಸೇವೆಗೆ ದೇವರ ಕರೆ ಬಂದಿದೆ ಅನಿಸಿದರೆ ಸುಮ್ನೆ ಫಾರ್ವರ್ಡ್ ನೋಡಿ ಹೆದರಬೇಡಿ. ಮೊದಲು ನಿಮ್ಮ ಪಾದ್ರಿ ಜೊತೆ ಮಾತಾಡಿ, ಆಯ್ಕೆ, ತರಬೇತಿ ಎಲ್ಲ ಆಮೇಲೆ.