ಚಪ್ಪಲಿ ಹಾಕಿಸುವ ಹೊತ್ತಿನ ಪ್ರಶ್ನೆ

ಲಸಿಕೆ ಬಗ್ಗೆ ಅನುಮಾನ ಇರುವ ಅಪ್ಪ ಅಮ್ಮ ಮೊದಲು ಡಾಕ್ಟರನ್ನು ಕೇಳುತ್ತಾರೆ ಅಂದುಕೊಂಡಿದ್ದೀರಾ? ಸಂಜೆ ಮಗುವನ್ನು ಕರೆದುಕೊಂಡು ಹೋಗಲು ಬಂದಾಗ, ಅದಕ್ಕೆ ಚಪ್ಪಲಿ ಹಾಕಿಸುತ್ತಿರುವ ಆಯಾನ ಕೇಳುತ್ತಾರೆ. "ಹಾಕಿಸಬಹುದಾ? ನೀವೇನಂತೀರಿ?" ಡೇ ಕೇರ್‌ನಲ್ಲಿ ಕೆಲಸ ಮಾಡುತ್ತಾ ನಾನು ಕಂಡದ್ದಿದು. ಆ ಆಯಾಗೇ ಒಳಗೊಳಗೆ ಅಳುಕಿದ್ದರೆ ಗೋಡೆ ತುಂಬಾ ಪೋಸ್ಟರ್ ಅಂಟಿಸಿದರೂ ದಂಡ.

ನಮ್ಮಲ್ಲಿ ಹಾಗೇ ಆಯಿತು. ಮಕ್ಕಳೆಂದರೆ ಜೀವ ಬಿಡುವ ಒಬ್ಬ ಆಯಾ ನಾಯಿಕೆಮ್ಮಿನ ಬೂಸ್ಟರ್ ಹಾಕಿಸಿಕೊಳ್ಳದೆ ಎರಡು ಸಲ ಜಾರಿಕೊಂಡರು. ನನಗೆ ಸಿಟ್ಟು. ಮೀಟಿಂಗ್‌ನಲ್ಲಿ ಎಲ್ಲರ ಎದುರು ಭಾಷಣ ಬಿಗಿದೆ. ಅವರು ತಲೆಯಾಡಿಸಿದರು, ಹಾಕಿಸಿಕೊಳ್ಳಲಿಲ್ಲ. ಯಾಕೆ ಬೇಡ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ, ನೋಡಿ.

ಕೊನೆಗೆ ಇಬ್ಬರೇ ಕೂತಾಗ ವಿಷಯ ಹೊರಬಂತು. ಹಿಂದೆ ಯಾವುದೋ ಇಂಜೆಕ್ಷನ್ ಆದ ಮೇಲೆ ಮೂರು ದಿನ ಜ್ವರ ಬಂದು ಮಲಗಿದ್ದರಂತೆ. ಆಗ ಕೆಲಸ ಮಾಡುತ್ತಿದ್ದ ಕಡೆ ಸಂಬಳ ಹಿಡಿದಿದ್ದರಂತೆ. ನಾನು ಸುಮ್ನೆ ವಾಟ್ಸಾಪ್ ಫಾರ್ವರ್ಡ್‌ಗಳನ್ನು ಬೈದುಕೊಂಡು ಓಡಾಡುತ್ತಿದ್ದೆ! ಜ್ವರ ಬಂದರೆ ಸಂಬಳದ ರಜೆ ಕೊಡಿಸುವುದು ನಮ್ಮ ಜವಾಬ್ದಾರಿ ಅಂದೆವು. ಆಮೇಲೆ ಕಾಯಿಲೆಯ ಮಾತು. ನಾಯಿಕೆಮ್ಮು ದೊಡ್ಡವರಿಗೆ ಎಷ್ಟೋ ಸಲ ವಾರಗಟ್ಟಲೆ ಕಾಡುವ ಕೆಮ್ಮು ಅಷ್ಟೇ. ಡೋಸ್‌ಗಳು ಇನ್ನೂ ಮುಗಿಯದ ಎಳೆಗೂಸಿಗೆ ಉಸಿರೇ ನಿಲ್ಲಬಹುದು. ನಮ್ಮಲ್ಲಿರುವ ನಾಲ್ಕು ತಿಂಗಳ ಕೂಸನ್ನು ದಿನವಿಡೀ ಎತ್ತಿಕೊಳ್ಳುವವರು ಅವರೇ. ಮುಂದಿನ ವಾರ ತಾವಾಗಿಯೇ ಹೋಗಿ ಹಾಕಿಸಿಕೊಂಡು ಬಂದರು.

ಅಪ್ಪ ಅಮ್ಮಂದಿರ ಭಯ ಬೇರೆ. ಜಾಸ್ತಿ ಕೇಳುವುದು ಲಸಿಕೆಯಿಂದ ಆಟಿಸಂ ಬರುತ್ತದಾ ಅಂತ. 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತಿತರರು ಬರೀ 12 ಮಕ್ಕಳನ್ನು ನೋಡಿ ಬರೆದ ಲೇಖನದಿಂದ ಈ ಗುಲ್ಲು ಎದ್ದಿತು. ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ವೇಕ್‌ಫೀಲ್ಡ್ ಹೆಸರೂ ಹೋಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ಯಾವ ನಂಟೂ ಕಾಣಲಿಲ್ಲ. ಆದರೆ ಆಟಿಸಂನ ಲಕ್ಷಣಗಳು ಹೆತ್ತವರ ಕಣ್ಣಿಗೆ ಬೀಳುವುದೂ, ಈ ಲಸಿಕೆ ಹಾಕಿಸುವುದೂ ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ. ಮನಸ್ಸು ಎರಡನ್ನೂ ಗಂಟು ಹಾಕಿಬಿಡುತ್ತದೆ. ಅದಕ್ಕೆ ನಗುವುದು ಬೇಡ.

ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದಲ್ಲಿ ಏನಾಯಿತು ಗೊತ್ತಾ? 2018ರಲ್ಲಿ ಇದೇ ಎಂಎಂಆರ್ ಲಸಿಕೆಯ ಪುಡಿಗೆ ನೀರಿನ ಬದಲು ಬೇರೆ ಔಷಧಿ ಬೆರೆಸಿ ಚುಚ್ಚಿದ್ದರಿಂದ ಎರಡು ಕೂಸುಗಳು ಸತ್ತವು. ಲಸಿಕೆ ಹಾಕುವುದನ್ನೇ ತಿಂಗಳುಗಟ್ಟಲೆ ನಿಲ್ಲಿಸಿದರು, ಜನರ ನಂಬಿಕೆಯೂ ಹೋಯಿತು. ಮರುವರ್ಷ ದಡಾರ ಹಬ್ಬಿ 83 ಜನ ಸತ್ತರು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಹೆದರಿ ಹಿಂದೆ ಸರಿದ ಆ ತಾಯಂದಿರನ್ನು ದಡ್ಡರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಂತ ನಿಯಮ ಸಡಿಲ ಮಾಡಿ ಅನ್ನುತ್ತಿಲ್ಲ. ದಡಾರ ಬಂದ ಮಗು ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ವೈರಸ್ ಆ ಕೋಣೆಯ ಗಾಳಿಯಲ್ಲಿ ಉಳಿಯಬಹುದು. ಅದು ಹಬ್ಬದಿರಲು ನೂರರಲ್ಲಿ ಸುಮಾರು 95 ಜನಕ್ಕೆ ರಕ್ಷಣೆ ಇರಬೇಕು. ಲಸಿಕೆ ಕಾರ್ಡ್ ಕೇಳಲೇಬೇಕು. ಆದರೆ ಕಾರ್ಡ್ ಕೇಳಿದವರೇ ಒಂದು ಕುರ್ಚಿಯನ್ನೂ ಎಳೆದು ಕೊಡಲಿ.

ಈಗ ಆ ಆಯಾನ ಯಾರಾದರೂ ಕೇಳಿದರೆ, "ನಾನೂ ಹಾಕಿಸಿಕೊಂಡೆ, ಎರಡು ದಿನ ಕೈ ನೋವಿತ್ತು" ಅನ್ನುತ್ತಾರೆ. ಒಬ್ಬ ತಾಯಿ ಮಾತ್ರ ಇನ್ನೂ ಯೋಚಿಸುತ್ತಿದ್ದಾರೆ. ಮೊನ್ನೆ ಅವರು, "ಹಾಕಿಸುವ ದಿನ ಆಯಾನೂ ಜೊತೆಗೆ ಬರಬಹುದಾ?" ಅಂತ ಕೇಳಿದರು. ಬರುತ್ತಾರೆ ಅಂದಿದ್ದೇನೆ.