ಅಸಲಿ ಗೋಡೆ ಬ್ಯಾಬಿಲೋನ್‌ನಲ್ಲೂ ಇದೆ

ಇಂದಿನ ಇರಾಕ್‌ನಲ್ಲಿರುವ ಪ್ರಾಚೀನ ಬ್ಯಾಬಿಲೋನ್ ನಗರದ ಇಶ್ತಾರ್ ದ್ವಾರದ ಬಗ್ಗೆ ನಿಮ್ಮಲ್ಲಿ ಬಂದ ಲೇಖನವನ್ನು ಕನ್ನಡದಲ್ಲಿ ಓದಿ ಖುಷಿಯಾಯಿತು. ಆದರೆ ‘ಅಸಲಿ ದ್ವಾರ ಪೂರ್ತಿ ಬರ್ಲಿನ್‌ಗೆ ಹೋಯಿತು, ಇರಾಕ್‌ನಲ್ಲಿ ಈಗ ನಕಲು ಮಾತ್ರ ಇದೆ’ ಎಂದು ಲೇಖಕರು ಬರೆದಿದ್ದಾರಲ್ಲ, ಅದನ್ನು ಒಪ್ಪಲು ಆಗುವುದಿಲ್ಲ.

ಬರ್ಲಿನ್‌ನ ಪರ್ಗಮಾನ್ ಮ್ಯೂಸಿಯಂನಲ್ಲಿ ಇರುವುದು ಇಡೀ ಗೋಡೆ ಎತ್ತಿ ತಂದು ನಿಲ್ಲಿಸಿದ್ದಲ್ಲ. ಜರ್ಮನ್ ಪುರಾತತ್ವಜ್ಞ ರಾಬರ್ಟ್ ಕೋಲ್ಡೆವೈ ಅವರ ತಂಡ 1899ರಿಂದ 1917ರವರೆಗೆ ಬ್ಯಾಬಿಲೋನ್‌ನಲ್ಲಿ ಅಗೆದಾಗ ಸಿಕ್ಕಿದ್ದು ಹೆಚ್ಚಾಗಿ ನೀಲಿ ಮೆರುಗಿನ ಇಟ್ಟಿಗೆಯ ಚೂರುಗಳು. ಅವುಗಳಲ್ಲಿ ಸೇರಿದ್ದ ಉಪ್ಪು ತೆಗೆದು, ಚೂರಿಗೆ ಚೂರು ಹೊಂದಿಸಿ ದ್ವಾರದ ಗೋಡೆಯ ಮೇಲಿನ ಗೂಳಿ, ಡ್ರ್ಯಾಗನ್ ಉಬ್ಬುಚಿತ್ರಗಳಿಗೆ ಮತ್ತೆ ರೂಪ ಕೊಟ್ಟರು. ಚೂರುಗಳು ಸಾಕಾಗದ ಕಡೆ ಜರ್ಮನಿಯಲ್ಲೇ ಸುಟ್ಟ ಹೊಸ ಇಟ್ಟಿಗೆ ಹಾಕಿದರು. ಅದೂ ಒಂದರ ಹಿಂದೆ ಒಂದಿದ್ದ ಜೋಡಿ ದ್ವಾರದಲ್ಲಿ ಮುಂದಿನ ಚಿಕ್ಕದ್ದು ಮಾತ್ರ. ಆ ಶ್ರಮ ದೊಡ್ಡದು, ಅನುಮಾನವೇ ಇಲ್ಲ.

ಆದರೆ ಬ್ಯಾಬಿಲೋನ್ ಖಾಲಿಯಾಗಿಲ್ಲ. ದ್ವಾರವನ್ನು ಕಟ್ಟಿಸಿದ ದೊರೆ ಎರಡನೇ ನೆಬುಕಡ್ನೆಜರ್, ಅದರ ಮೂಲಕ ಹಾಯುವ ಬೀದಿಯ ಮಟ್ಟವನ್ನು ಎತ್ತರಿಸುತ್ತಾ ಹೋದ. ದ್ವಾರದ ಹಳೆಯ ಹಂತ ಮಣ್ಣಿನಡಿ ಸೇರಿ ಉಳಿದುಕೊಂಡಿತು. ಆ ಗೋಡೆಗಳು ಇವತ್ತಿಗೂ ಅಲ್ಲೇ ನಿಂತಿವೆ. ನೀಲಿ ಮೆರುಗು ಇಲ್ಲ, ನಿಜ. ಆದರೆ ಬಿರುಗಾಳಿಯ ದೇವರು ಅದದ್‌ನ ಗೂಳಿಗಳು, ಬ್ಯಾಬಿಲೋನ್‌ನ ಮುಖ್ಯ ದೇವರು ಮರ್ದುಕನ ಡ್ರ್ಯಾಗನ್‌ಗಳು ಬರೀ ಇಟ್ಟಿಗೆಯಲ್ಲೇ ಉಬ್ಬಿಕೊಂಡು ಸಾಲಾಗಿ ಕಾಣುತ್ತವೆ. ನನಗಂತೂ ಜಾಸ್ತಿ ಇಷ್ಟ ಇವೇ.

2003ರ ಯುದ್ಧದ ನಂತರ ಅಲ್ಲಿ ವಿದೇಶಿ ಸೈನ್ಯದ ಶಿಬಿರ ಇತ್ತು. ಯಾರೋ ಇಟ್ಟಿಗೆ ಕೀಳಲು ಹೋಗಿ ಕೆಲವು ಡ್ರ್ಯಾಗನ್‌ಗಳಿಗೆ ಹಾನಿ ಮಾಡಿದ್ದನ್ನು ಬ್ರಿಟಿಷ್ ಮ್ಯೂಸಿಯಂನ ವರದಿ ದಾಖಲಿಸಿದೆ. ಅಲ್ಲಿ ಉಳಿದಿರುವುದು ನಕಲು ಮಾತ್ರ ಎಂದು ನಾವೇ ಬರೆದರೆ, ಇಂಥ ಹಾನಿ ಯಾರಿಗೆ ನೋವು ಕೊಡುತ್ತದೆ? ದಯವಿಟ್ಟು ಆ ಸಾಲನ್ನು ತಿದ್ದಿ. ಅಲ್ಲಿನ ಗೋಡೆಯ ಒಂದು ಫೋಟೋವನ್ನೂ ಹಾಕಿ.